ಎಡಗಿವಿಯ ಕಚ್ಚು

ನನಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಕ್ಲಾಸಿನಲ್ಲೂ ಬೋರ್ಡಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತಲೇ ಪಾಠ ಮಾಡುತ್ತೇನೆ. ಮೊದಲ ಬೆಂಚಿನವರಿಗೆ ಕತ್ತು ನೋವು ಬರುತ್ತದೆಂದು ಹಿಂದಿನ ಬೆಂಚಿನವರು ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಮನೆಯಲ್ಲಿ ಚಹಾ ಕಪ್ಪು ಹಿಡಿದು ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಸುತ್ತುತ್ತೇನೆ. "ಅಂಡು ಸುಟ್ಟ ಬೆಕ್ಕಿನಂಗ ಯಾಕ ಅಡ್ಡಾಡ್ತೀರಿ? ಒಂದ್ ಕಡೆ ಕುಂದ್ರಾಕ ಬರೂದಿಲ್ಲೇನ್ ನಿಮಗ?" ಎಂದು ಹೆಂಡತಿ ಬೈಯುತ್ತಾಳೆ. ಧಾರವಾಡ ಬಿಟ್ಟು ಬಂದು ಎಷ್ಟೋ ವರ್ಷವಾದರೂ ಅವಳ ಬೈಗುಳ ಮಾತ್ರ ಊರಿನದ್ದೇ.

ಯಲಹಂಕದ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಗಣಿತ ಹೇಳಿಕೊಡುತ್ತೇನೆ. ಅಟ್ಟೂರಿನಲ್ಲಿ ಬಾಡಿಗೆ ಮನೆ. ಮನೆ ಓನರ್ ಇಲ್ಲಿಯ ಹಳೇ ಊರಿನ ಒಕ್ಕಲು ಮನೆತನದವರು. ನಮ್ಮ ಬೀದಿ ಇರುವ ನೆಲವೆಲ್ಲ ಒಂದು ಕಾಲಕ್ಕೆ ಅವರ ರಾಗಿ ಹೊಲ. ಈಗ ಅವರು ಬಿಲ್ಡರ್, ಜೊತೆಗೆ ಬೀದಿಯ ನಿವಾಸಿಗಳ ಸಂಘಕ್ಕೆ ಅಧ್ಯಕ್ಷರು. ಅವರು, ಅವರ ಹೆಂಡತಿ, ಅವರ ತಾಯಿ ನೆಲಮಹಡಿಯಲ್ಲಿ, ಮೇಲೆ ನಾವು. ಆ ತಾಯಿ ಬೀದಿಯವರಿಗೆಲ್ಲ ಅಜ್ಜಿ. ನನ್ನ ತಲೆಯೂ ನೆರೆತಿರುವುದರಿಂದ ಅಜ್ಜಿ ಎನ್ನಲು ನಾಚಿಕೆಯಾಗಿ ನಾನು ಅಮ್ಮ ಎನ್ನುತ್ತೇನೆ.

ಬೆಳಿಗ್ಗೆ ನಾನು ವಾಕಿಂಗ್ ಹೊರಡುವ ಹೊತ್ತಿಗೆ ಅಜ್ಜಿ ಗೇಟಿನ ಹತ್ತಿರ ಅಲ್ಯೂಮಿನಿಯಂ ತಟ್ಟೆ ಹಿಡಿದು ನಿಂತಿರುತ್ತಿದ್ದರು. ಅದರಲ್ಲಿ ರಾತ್ರಿ ಉಳಿದ ಮುದ್ದೆಯನ್ನು ಸಾರಿನಲ್ಲಿ ಕಿವುಚಿದ್ದು. "ಬರ್ರೋ, ಬರ್ರೇ" ಎಂದು ಒಂದು ಸಲ ಕೂಗಿದರೆ ಬೀದಿಯ ನಾಯಿಗಳೆಲ್ಲ ಕಾರುಗಳ ಅಡಿಯಿಂದ, ಜಲ್ಲಿ ರಾಶಿಯ ಮೇಲಿನಿಂದ ಎದ್ದು ಬರುತ್ತಿದ್ದವು. ಅವುಗಳ ಮುಂದೆ ಒಂದು ಕಂದು ಬಣ್ಣದ ಹೆಣ್ಣುನಾಯಿ. ತನ್ನ ಪಾಲು ತಿಂದು ಪಕ್ಕದವರ ಪಾಲಿಗೂ ಬಾಯಿ ಹಾಕುತ್ತಿದ್ದುದರಿಂದ ಅಜ್ಜಿ ಅದನ್ನು ಕಳ್ಳಿ ಎಂದು ಕರೆಯುತ್ತಿದ್ದರು. ತಿಂದಾದ ಮೇಲೆ ಕಳ್ಳಿ ಅಜ್ಜಿಯ ಪಾದದ ಮೇಲೆ ಗದ್ದ ಇಟ್ಟು ಮಲಗುತ್ತಿತ್ತು. ಅದು ಏಳುವ ತನಕ ಅಜ್ಜಿಯೂ ಕಾಲು ಕದಲಿಸುತ್ತಿರಲಿಲ್ಲ. ಒಂದು ಜೀವ ಅಷ್ಟು ಹೊತ್ತು ಅಲ್ಲಾಡದೆ ನಿಲ್ಲುವುದು ಹೇಗೆ ಎಂದು ನನಗೆ ಪ್ರತಿದಿನವೂ ಆಶ್ಚರ್ಯವಾಗುತ್ತಿತ್ತು.

ಗೌರಿ ಹಬ್ಬ ಮುಗಿದ ವಾರ ಬೀದಿಯಲ್ಲಿ ಒಂದು ಮಗುವಿಗೆ ನಾಯಿ ಕಚ್ಚಿತು. ಮೂಲೆಮನೆಯ ನಿವೃತ್ತ ಅಧಿಕಾರಿಯೊಬ್ಬರ ಮೊಮ್ಮಗಳು, ಪುಟ್ಟ ಸೈಕಲ್ ತುಳಿಯುತ್ತಿದ್ದವಳು. ಮೀನಖಂಡಕ್ಕೆ ಹಲ್ಲು ಇಳಿದಿತ್ತು. ಯಾವ ನಾಯಿ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ನಮ್ಮ ಬೀದಿಯದೇ ಎಂದು ಕೆಲವರು, ಮೇನ್ ರೋಡಿನಿಂದ ಬಂದದ್ದು ಎಂದು ಕೆಲವರು. ಆ ಭಾನುವಾರ ಓನರ್ ಮನೆಯ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಂಘದ ಸಭೆ ಸೇರಿದರು. ಒಂದು ಗಾಡಿ ಗೊತ್ತು ಮಾಡುವುದು, ಬೀದಿಯ ನಾಯಿಗಳನ್ನೆಲ್ಲ ತುಂಬಿಸಿ ದೊಡ್ಡಬಳ್ಳಾಪುರದ ಆಚೆ ಎಲ್ಲಾದರೂ ಬಿಟ್ಟು ಬರುವುದು ಎಂದು ಮಾತು ಹೆಚ್ಚುಕಡಿಮೆ ತೀರ್ಮಾನವಾಗಿಹೋಗಿತ್ತು. ಗೇಟಿನ ಆಚೆ ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ಕಳ್ಳಿ ಅವರ ಕಾಲ ಬಳಿಯಲ್ಲೇ ಕೂತು ಬಾಲ ಅಲ್ಲಾಡಿಸುತ್ತಿತ್ತು.

ನನಗೆ ಕೋಪ ಮೂಗಿನ ತುದಿಯಲ್ಲಿರುತ್ತದೆ. ಎದ್ದು ನಿಂತೆ. "ಇವನ್ನ ಓಡಿಸಿದ್ರ ಖಾಲಿ ಜಾಗಕ್ಕ ಬ್ಯಾರೇ ಕಡೀವು ಬರ್ತಾವ್ರೀ. ಅವು ಯಾರ ಮಾತೂ ಕೇಳೂದಿಲ್ಲ" ಎಂದು ನಮ್ಮೂರಿನ ಭಾಷೆಯಲ್ಲೇ ಕೂಗಾಡಿದೆ.

"ನಿಮ್ಮನೇಲಿ ಚಿಕ್ಕ ಮಕ್ಕಳಿಲ್ಲ ಸರ್, ಅದಕ್ಕೇ ನಿಮಗೆ ಈ ಮಾತು ಬರುತ್ತೆ. ಆ ಮಗು ರಾತ್ರಿಯೆಲ್ಲ ಬೆಚ್ಚಿ ಬೀಳುತ್ತೆ ಕಣ್ರೀ" ಎಂದರು ನಿವೃತ್ತ ಅಧಿಕಾರಿ. ಮಾತಿನಲ್ಲಿ ಸೋತಾಗ ನಾನು ಗಣಿತಕ್ಕೆ ಕೈ ಹಾಕುತ್ತೇನೆ.

ಬೀದಿನಾಯಿಗೆ ಸಂತಾನಹರಣದ ಆಪರೇಷನ್ ಮಾಡಿದ ಮೇಲೆ ಅದರ ಎಡಗಿವಿಯ ತುದಿಯಲ್ಲಿ ಒಂದು ಕಚ್ಚು ಹಾಕಿ, ಹಿಡಿದ ಜಾಗಕ್ಕೇ ತಂದು ಬಿಡುತ್ತಾರೆ. ಮತ್ತೆ ಅದನ್ನೇ ಹಿಡಿಯದಿರಲು ಅದು ಗುರುತು. ಬೆಳಗಿನ ವಾಕಿಂಗಿನಲ್ಲಿ ನಾನು ಗಮನಿಸಿದ್ದೆ, ನಮ್ಮ ಬೀದಿಯ ಹೆಣ್ಣುನಾಯಿಗಳಲ್ಲಿ ಹೆಚ್ಚಿನವುಗಳ ಎಡಗಿವಿಯ ತುದಿ ಇರಲಿಲ್ಲ. ಕಳ್ಳಿಯದೂ ಇರಲಿಲ್ಲ. ಅಂದರೆ ಇವು ಇನ್ನು ಮರಿ ಹಾಕುವುದಿಲ್ಲ, ಮುದಿಯಾಗಿ ಒಂದೊಂದಾಗಿ ಹೋಗುತ್ತವೆ, ನಾವು ಸ್ವಲ್ಪ ತಾಳಿಕೊಂಡರೆ ಸಾಕು ಎಂದೆ. ಎಷ್ಟು ತಾಳಬೇಕು ಎಂಬುದನ್ನೂ ಲೆಕ್ಕ ಹಾಕಿ ತೋರಿಸುತ್ತೇನೆ ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನನ್ನ ಬಾಯಿ ನಿಲ್ಲಲಿಲ್ಲ.

"ಯುಗಾದಿವರೆಗೆ ಟೈಮ್ ಕೊಡಿ. ಅಷ್ಟರಲ್ಲಿ ಈ ಬೀದೀಲಿ ಒಂದು ನಾಯಿ ಜಾಸ್ತಿ ಆದ್ರೂ ನಾನೇ ಮುಂದೆ ನಿಂತು ಗಾಡಿ ಕರೆಸ್ತೀನಿ" ಎಂದುಬಿಟ್ಟೆ.

ಓನರಿಗೆ ಸಮಾಧಾನವಾಯಿತು. ತಾಯಿಯ ಎದುರಿಗೆ ನಾಯಿ ಹಿಡಿಸುವ ಪಾಡು ಅವರಿಗೆ ಸದ್ಯಕ್ಕೆ ತಪ್ಪಿತು. "ಆಯ್ತು ಬಿಡಿ, ಮೇಷ್ಟ್ರು ಅಷ್ಟು ಗ್ಯಾರಂಟಿ ಕೊಡ್ತಾ ಇದ್ದಾರಲ್ಲ" ಎಂದು ಸಭೆ ಮುಗಿಸಿದರು. ಅವತ್ತು ಸಂಜೆ ಅಜ್ಜಿ ನಮ್ಮ ಮನೆಗೆ ಬಿಸಿ ಮುದ್ದೆ, ಉಪ್ಪುಸಾರು ತಂದರು. "ನನ್ ಮಕ್ಕಳನ್ನ ಉಳಿಸ್ಬುಟ್ಟೆ ಕಣಪ್ಪ. ನಿನ್ ಒಟ್ಟೆ ತಣ್ಣಗಿರ್ಲಿ" ಎಂದರು. ಹೆಂಡತಿ ಅವರೆದುರು ನಗುನಗುತ್ತ ತೆಗೆದುಕೊಂಡು, ಅವರು ಇಳಿದುಹೋದ ಮೇಲೆ ಮುದ್ದೆಯನ್ನು ರೊಟ್ಟಿಯ ಹಾಗೆ ಅಗಿದು ಅಗಿದು ಸುಸ್ತಾದಳು.

ಮರುದಿನದಿಂದ ವಾಕಿಂಗ್ ಹೋಗಿ ನಾಯಿಗಣತಿ ಬಂತು. ಹಾಲಿನವನು ನನ್ನನ್ನು ವಿಚಿತ್ರವಾಗಿ ನೋಡತೊಡಗಿದ. ನಾಯಿಯ ಎದುರು ನಿಂತು ಕಿವಿ ನೋಡುವುದು, ಹಲ್ಲು ಕಂಡರೆ ವಯಸ್ಸು ಅಂದಾಜು ಮಾಡುವುದು, ಅದು ಗುರ್ ಎಂದರೆ ಎರಡು ಹೆಜ್ಜೆ ಹಿಂದೆ ಬರುವುದು. ನನಗೆ ಒಳಗೊಳಗೇ ಖುಷಿ. ಎಷ್ಟೋ ವರ್ಷದಿಂದ ಬೋರ್ಡಿನ ಮೇಲೆ ಯಾವುದೋ ಕಾಡಿನ ಯಾವುದೋ ಪ್ರಾಣಿಗಳ ಮೇಲೆ ಮಾಡಿಸುತ್ತಿದ್ದ ಲೆಕ್ಕವನ್ನು ಈಗ ನಮ್ಮ ಬೀದಿಯಲ್ಲೇ ಮಾಡುತ್ತಿದ್ದೆ.

ಲೆಕ್ಕದ ಕ್ರಮ ಸುಲಭ. ಮೊದಲು ಹೆಣ್ಣುನಾಯಿಗಳನ್ನು ವಯಸ್ಸಿನ ಪ್ರಕಾರ ಗುಂಪು ಮಾಡಬೇಕು: ಮರಿ, ಹರೆಯದ್ದು, ದೊಡ್ಡದು, ಮುದಿ. ಯಾವ ಗುಂಪಿನಲ್ಲಿ ಎಷ್ಟಿವೆ ಎಂದು ಒಂದರ ಕೆಳಗೊಂದು ಕಂಬದ ಹಾಗೆ ಬರೆಯಬೇಕು. ಅದರ ಪಕ್ಕದಲ್ಲಿ ಒಂದು ಮ್ಯಾಟ್ರಿಕ್ಸ್, ಅಂದರೆ ಸಾಲು ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳು. ಅದರ ಮೇಲಿನ ಸಾಲಿನಲ್ಲಿ ಹುಟ್ಟು: ಯಾವ ವಯಸ್ಸಿನ ನಾಯಿ ವರ್ಷಕ್ಕೆ ಸರಾಸರಿ ಎಷ್ಟು ಹೆಣ್ಣುಮರಿ ಹಾಕುತ್ತದೆ ಎಂಬುದು. ಅದರ ಕೆಳಗೆ ಓರೆಯಾಗಿ, ಮೆಟ್ಟಿಲಿನ ಹಾಗೆ ಇಳಿಯುವ ಜಾಗಗಳಲ್ಲಿ ಉಳಿವು: ಒಂದು ಗುಂಪಿನಲ್ಲಿದ್ದವುಗಳಲ್ಲಿ ಎಷ್ಟು ಪಾಲು ಬದುಕಿ ಮುಂದಿನ ಗುಂಪಿಗೆ ಹೋಗುತ್ತವೆ ಎಂಬುದು. ಮಿಕ್ಕ ಕಡೆ ಬಹುಮಟ್ಟಿಗೆ ಸೊನ್ನೆ. ಈ ವರ್ಷದ ಕಂಬವನ್ನು ಮ್ಯಾಟ್ರಿಕ್ಸಿನಿಂದ ಗುಣಿಸಿದರೆ ಮುಂದಿನ ವರ್ಷದ ಕಂಬ ಸಿಗುತ್ತದೆ, ಮತ್ತೆ ಗುಣಿಸಿದರೆ ಅದರಾಚೆಯ ವರ್ಷದ್ದು. ಹೀಗೇ ಹೋದರೆ ಕೊನೆಗೆ ಒಟ್ಟು ಸಂಖ್ಯೆ ಪ್ರತಿವರ್ಷ ಒಂದೇ ಪ್ರಮಾಣದಲ್ಲಿ ಏರುತ್ತದೆ ಅಥವಾ ಇಳಿಯುತ್ತದೆ. ಆ ಪ್ರಮಾಣ ಒಂದಕ್ಕಿಂತ ಹೆಚ್ಚಿದ್ದರೆ ಸಂಸಾರ ಬೆಳೆಯುತ್ತದೆ, ಕಡಿಮೆಯಿದ್ದರೆ ಸವೆಯುತ್ತದೆ.

ಕಿವಿ ಕಚ್ಚಾದ ನಾಯಿಗಳ ಹುಟ್ಟಿಗೆ ನಾನು ಸೊನ್ನೆ ಹಾಕಿದೆ. ಕಚ್ಚಿಲ್ಲದವು ಒಂದೆರಡು, ಅವುಗಳ ಪಾಲಿನದನ್ನು ಸರಾಸರಿಗೆ ಸೇರಿಸಿದೆ. ಮರಿಗಳ ಉಳಿವಿಗೆ ಏನು ಹಾಕುವುದೆಂದು ತಿಳಿಯದೆ, ನೋಡಿದ್ದು ಕೇಳಿದ್ದೆಲ್ಲ ಸೇರಿಸಿ, ಅರ್ಧಕ್ಕಿಂತ ಕಡಿಮೆ ಎಂದು ಹಾಕಿದೆ. ನೀರಿನ ಟ್ಯಾಂಕರು ನಮ್ಮ ಬೀದಿಯಲ್ಲಿ ಹಿಂದಕ್ಕೆ ಬರುವ ರೀತಿ ನೋಡಿದವರು ಯಾರಾದರೂ ಅಷ್ಟೇ ಹಾಕುತ್ತಿದ್ದರು. ಬರೆಯುವಾಗ ಅದು ಒಂದು ದಶಾಂಶ, ಅಷ್ಟೆ.

ಇದನ್ನೇ ಕ್ಲಾಸಿನಲ್ಲೂ ಮಾಡಿಸಿದೆ. ನಾಯಿ ಎಂದೊಡನೆ ಹಿಂದಿನ ಬೆಂಚೂ ಎಚ್ಚರವಾಯಿತು. ಒಬ್ಬ ಹುಡುಗಿ ಎದ್ದು, "ಸರ್, ಮುದಿ ನಾಯಿಗಳಿಂದ ಮೇಲಿನ ಸಾಲಿಗೆ ಏನೂ ಬರಲ್ಲ. ಅವನ್ನ ಮ್ಯಾಟ್ರಿಕ್ಸಿಂದ ತೆಗೆದುಹಾಕಿದ್ರೂ ಬೆಳವಣಿಗೆಯ ಪ್ರಮಾಣ ಬದಲಾಗಲ್ಲ ಅಲ್ವಾ?" ಎಂದಳು. ಸರಿಯಾದ ಮಾತು. ಹೆರುವ ವಯಸ್ಸು ದಾಟಿದವರು ಇದ್ದರೂ ಇಲ್ಲದಿದ್ದರೂ ಈ ಲೆಕ್ಕದ ಮುಂದಿನ ದಾರಿ ಒಂದೇ. ಶಹಬ್ಬಾಸ್ ಎಂದೆ. ಆದರೆ ಮಧ್ಯಾಹ್ನದ ಡಬ್ಬಿ ತಿನ್ನುವಾಗ ಆ ಮಾತು ಮತ್ತೆ ನೆನಪಾಯಿತು. ನನ್ನ ನಿವೃತ್ತಿಗೆ ಹೆಚ್ಚು ದಿನವಿಲ್ಲ. ಯಾಕೋ ಕಸಿವಿಸಿಯಾಗಿ ಕಾಲೇಜಿನ ಮೈದಾನವನ್ನು ಒಂದು ಸುತ್ತು ಹಾಕಿ ಬಂದೆ.

ಬಂದ ಪ್ರಮಾಣ ಒಂದಕ್ಕಿಂತ ಚೆನ್ನಾಗಿ ಕಡಿಮೆಯಿತ್ತು. ದಸರೆಯ ಹೊತ್ತಿಗೆ ಪಾರ್ಕಿಂಗಿನಲ್ಲಿ ವೈಟ್‌ಬೋರ್ಡ್ ನಿಲ್ಲಿಸಿ ಎಲ್ಲರಿಗೂ ವಿವರಿಸಿದೆ. ಓನರ್ ಮಧ್ಯದಲ್ಲಿ ಕೈ ಎತ್ತಿದರು. "ಸರ್, ಗಂಡುನಾಯಿ ಲೆಕ್ಕಕ್ಕೇ ಇಲ್ವಾ?"

"ಇಲ್ಲ. ಈ ಲೆಕ್ಕದಲ್ಲಿ ಹೆಣ್ಣು ಮಾತ್ರ."

"ನಮ್ಮನೇಲೂ ಅಷ್ಟೇ ಬಿಡಿ" ಎಂದು ಅವರು ತಾಯಿಯ ಕಡೆ, ಹೆಂಡತಿಯ ಕಡೆ ನೋಡಿದರು. ಎಲ್ಲರೂ ನಕ್ಕರು. ನಿವೃತ್ತ ಅಧಿಕಾರಿ ನಗಲಿಲ್ಲ, ಆದರೆ ಬೋರ್ಡಿನ ಫೋಟೋ ತೆಗೆದುಕೊಂಡರು. ಅಂದು ಹೆಮ್ಮೆಯಿಂದ ನನ್ನ ಮೈಗೆ ಒಂದು ಹಿಡಿ ಮಾಂಸ ಹೆಚ್ಚೇ ಬಂದಿತ್ತು.

ಕಾರ್ತಿಕ ಬಂತು. ಬೀದಿಯ ನಾಯಿಗಳ ಗಲಾಟೆ ಜಾಸ್ತಿಯಾಯಿತು. ಗಂಡುನಾಯಿಗಳು ಗುಂಪು ಕಟ್ಟಿಕೊಂಡು ಕಳ್ಳಿಯ ಹಿಂದೆ ಹೋಗುವುದನ್ನು ನೋಡಿದೆ. ಆಪರೇಷನ್ ಆದ ನಾಯಿಯ ಹಿಂದೆ ಇವು ಯಾಕೆ ಹೋಗುತ್ತವೆ? ಗಂಡುಗಳಿಗೆ ಬುದ್ಧಿ ಎಲ್ಲಿರುತ್ತದೆ ಎಂದು ನಾನೇ ಸಮಾಧಾನ ಹೇಳಿಕೊಂಡೆ. ಧನುರ್ಮಾಸದ ಚಳಿಯಲ್ಲಿ ಕಳ್ಳಿ ದಪ್ಪಗಾಗತೊಡಗಿತು. ಅಜ್ಜಿಯ ಮುದ್ದೆ ಮೈಗೆ ಹತ್ತಿದೆ ಎಂದುಕೊಂಡೆ. ಒಂದು ಬೆಳಿಗ್ಗೆ ಅದರ ಮೊಲೆಗಳು ಜೋತದ್ದು ಕಂಡಿತು. ಅದೇ ವಾರ ಪಕ್ಕದ ತಿರುವಿನ ಬಿಳಿ ನಾಯಿ, ಅದಕ್ಕೂ ಎಡಗಿವಿಯ ತುದಿಯಿಲ್ಲ, ಅದರ ಹೊಟ್ಟೆಯೂ ನೆಲ ಮುಟ್ಟುತ್ತಿತ್ತು. ಇನ್ನು ತಪ್ಪನ್ನು ಮುದ್ದೆಯ ಮೇಲೆ ಹಾಕುವಂತಿರಲಿಲ್ಲ.

ಆ ದಿನಗಳಲ್ಲಿ ನನಗೆ ಊಟ ಸೇರಲಿಲ್ಲ, ಪಾಠದಲ್ಲಿ ಮನಸ್ಸಿರಲಿಲ್ಲ. ಬೋರ್ಡಿನ ಮೇಲೆ ಬರೆದದ್ದನ್ನು ಒರೆಸಿ ಮತ್ತೆ ಅದನ್ನೇ ಬರೆಯುತ್ತಿದ್ದೆ. ಎಲ್ಲಿ ತಪ್ಪಿತು? ಗುಣಾಕಾರ ಸರಿಯಿತ್ತು. ಗುಂಪುಗಳೂ ಸರಿಯಿದ್ದವು. ಹಾಗಾದರೆ ಆಪರೇಷನ್ ಮಾಡಿದವರೇ ಮೋಸ ಮಾಡಿದ್ದಾರೆ, ಬರೀ ಕಿವಿ ಕತ್ತರಿಸಿ ಬಿಟ್ಟಿದ್ದಾರೆ ಎಂದು ತೀರ್ಮಾನಿಸಿ, ಆ ಸಂಸ್ಥೆಯ ನಂಬರ್ ಹುಡುಕಿ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಆ ಕಡೆಯ ಹೆಣ್ಣುಮಗಳು ಎಲ್ಲವನ್ನೂ ಕೇಳಿಸಿಕೊಂಡು, "ಸರ್, ನಿಮ್ಮ ಬೀದಿಗೆ ನಮ್ಮವರು ಬಂದಿದ್ರು. ಹೆಣ್ಣುನಾಯಿಗಳಿಗೆಲ್ಲ ಆಗ್ಲೇ ಕಿವಿ ಕಟ್ ಆಗಿತ್ತಂತೆ, ಹೆಚ್ಚು ಕಮ್ಮಿ ಯಾವುದನ್ನೂ ಹಿಡೀದೆ ವಾಪಸ್ ಬಂದ್ರು" ಎಂದಳು.

"ಹಂಗಾದ್ರ ಕಟ್ ಮಾಡಿದವರು ಯಾರ್ರೀ?"

"ಅದು ನಮಗೆ ಹೇಗೆ ಗೊತ್ತಾಗುತ್ತೆ ಸರ್?" ಎಂದು ಅವಳು ಫೋನ್ ಇಟ್ಟಳು. ನಾನು ಫೋನ್ ಹಿಡಿದುಕೊಂಡೇ ಬಾಲ್ಕನಿಯಲ್ಲಿ ಸುತ್ತಿದೆ.

ಸಂಕ್ರಾಂತಿಯ ಆಸುಪಾಸು ಕಳ್ಳಿ ಮರಿ ಹಾಕಿತು. ಬೀದಿಯ ಕೊನೆಯಲ್ಲಿ ಒಂದು ಖಾಲಿ ಸೈಟು, ಅದರಲ್ಲಿ ಒಂದು ಹೊಂಗೆ ಮರ. ಬೆಳಿಗ್ಗೆ ಗೇಟಿನಲ್ಲಿ ಅಜ್ಜಿ ಕಾಣಲಿಲ್ಲ. ಮರಿ ಎಷ್ಟಿವೆ ನೋಡೋಣವೆಂದು ಸೈಟಿನ ಕಡೆ ಹೋದೆ. ಅಜ್ಜಿ ಮರದ ಬುಡದಲ್ಲಿ ಕಾಲು ಚಾಚಿ ಕೂತಿದ್ದರು. ಮಡಿಲಲ್ಲಿ ಕಣ್ಣು ಬಿಡದ ಒಂದು ಮರಿ. ಪಕ್ಕದಲ್ಲಿ ಒಂದು ತೆಂಗಿನ ಚಿಪ್ಪಿನ ತುಂಬ ಅರಿಶಿನ ಬೆರೆಸಿದ ಬೂದಿ. ಅವರ ಬಲಗೈಯಲ್ಲಿ ಬ್ಲೇಡಿತ್ತು. ಮರಿಯ ಎಡಗಿವಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ತುದಿಯನ್ನು ಚಕ್ಕನೆ ಕತ್ತರಿಸಿ, ಬೂದಿ ಒತ್ತಿದರು. ಮರಿ ಕುಂಯ್ ಎಂದಿತು. ಕಳ್ಳಿ ಪಕ್ಕದಲ್ಲೇ ಮಲಗಿ ಎಲ್ಲವನ್ನೂ ನೋಡುತ್ತಿತ್ತು. ಬೇರೆ ಯಾರಾದರೂ ಆ ಮರಿಯನ್ನು ಮುಟ್ಟಿದ್ದರೆ ಕೈ ಉಳಿಯುತ್ತಿರಲಿಲ್ಲ.

"ಅಮ್ಮಾ, ಏನ್ ಮಾಡ್ತಿದ್ದೀರಿ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಬಾ ಮೇಷ್ಟ್ರೇ. ಕಣ್ ಬುಡೋಕ್ ಮುಂಚೆ ಕಿವಿ ಕುಯ್ದ್ರೆ ನಾಯಿ ಚುರುಕಾಯ್ತದೆ. ನಮ್ಮಪ್ಪ ಕುರಿ ಮಂದೆಗೆ ನಾಯಿ ಸಾಕ್ತಿದ್ನಲ್ಲ, ಆವಾಗ್ಲಿಂದ ಇಂಗೇ ಮಾಡದು. ಎಣ್ಣಿಗೆ ಎಡಗಿವಿ, ಗಂಡಿಗೆ ಬಲಗಿವಿ."

"ಎಲ್ಲಾ ನಾಯಿಗೂ ನೀವೇ ಮಾಡಿದ್ದಾ? ಕಳ್ಳಿಗೂ?"

"ಊಂ ಮತ್ತೆ. ಇವ್ಳನ್ನ ಇಲ್ಲೇ, ಇದೇ ಮರದಡಿ ಕುಯ್ದೆ. ಇವ್ಳವ್ವಂಗೂ ನಾನೇ. ಕಿವಿ ನೋಡಿದ್ರೆ ಯಾರ್ ಮನೆ ನಾಯಿ ಅಂತ ಗೊತ್ತಾಗ್ಬೇಕು ಕಣಪ್ಪ. ಇಲ್ದಿದ್ರೆ ಯಾರೋ ಇಡ್ಕೊಂಡ್ ಓಯ್ತಾರೆ."

ನಾನು ಅಲ್ಲೇ ಜಲ್ಲಿ ರಾಶಿಯ ಮೇಲೆ ಕೂತೆ. ಯಾರೂ ಹಿಡಿದುಕೊಂಡು ಹೋಗಬಾರದೆಂದು ಹಾಕಿದ ಗುರುತು. ಅದನ್ನು ನೋಡಿಯೇ ಆಪರೇಷನ್ ಗಾಡಿಯವರು ಹಿಡಿಯದೆ ಹೋಗಿದ್ದರು, ಅದನ್ನು ನೋಡಿಯೇ ನಾನು ಸೊನ್ನೆ ಬರೆದಿದ್ದೆ. ಮ್ಯಾಟ್ರಿಕ್ಸಿನಿಂದ ತೆಗೆದುಹಾಕಿದರೂ ಏನೂ ಬದಲಾಗದ ವಯಸ್ಸಿನ ಒಬ್ಬ ಹೆಂಗಸು ಒಂದು ಬ್ಲೇಡು ಹಿಡಿದು ನನ್ನ ಮೇಲಿನ ಸಾಲನ್ನು ಪೂರ್ತಿ ತಿದ್ದಿಬಿಟ್ಟಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮನೆಗೆ ಬಂದು ಸೊನ್ನೆಗಳನ್ನು ತೆಗೆದು ಮತ್ತೆ ಲೆಕ್ಕ ಹಾಕಿದೆ. ಪ್ರಮಾಣ ಒಂದನ್ನು ದಾಟಿ ಎಷ್ಟೋ ಮೇಲೆ ಹೋಯಿತು. ಯುಗಾದಿಗೆ ಗಾಡಿ ಕರೆಸಬೇಕಾದವನು ನಾನೇ.

ದಾರಿ ಇದ್ದದ್ದು ಒಂದೇ. ಯುಗಾದಿಯೊಳಗೆ ಎಲ್ಲ ಹೆಣ್ಣುನಾಯಿಗಳಿಗೂ ನಿಜವಾದ ಆಪರೇಷನ್ ಆಗಬೇಕು. ಮತ್ತೆ ಆ ಹೆಣ್ಣುಮಗಳಿಗೆ ಫೋನ್ ಮಾಡಿ, ಬೈದದ್ದಕ್ಕೆ ಕ್ಷಮೆ ಕೇಳಿ, ವಿಷಯ ಹೇಳಿದೆ. ಅವಳು ನಕ್ಕಳು. ಮರಿಗಳು ಹಾಲು ಬಿಡುವ ತನಕ ಕಾಯಬೇಕು ಎಂದಳು. ಆಮೇಲೆ, "ಯಾವುದು ನಮ್ಮ ಕಟ್, ಯಾವುದು ಅಜ್ಜಿ ಕಟ್ ಅಂತ ಅವರೇ ತೋರಿಸ್ಬೇಕು ಸರ್. ಹಿಡಿಯೋಕೂ ಅವರೇ ಇದ್ರೆ ಒಳ್ಳೇದು. ಬಲೆ ಬೀಸಿದ್ರೆ ಒಂದೆರಡು ತಪ್ಪಿಸ್ಕೊಂಡೇ ತಪ್ಪಿಸ್ಕೊಳ್ತವೆ" ಎಂದಳು.

ಅಜ್ಜಿಗೆ ಹೇಳುವುದು ಆಪರೇಷನ್ ಮಾಡುವುದಕ್ಕಿಂತ ಕಷ್ಟವಾಯಿತು. ಅವರು ಕೇಳಿ ಕೇಳಿ ಮುಖ ಗಂಟು ಹಾಕಿದರು. "ಒಟ್ಟೆ ಕುಯ್ಯಕ್ಕೆ ನಾನ್ ಇಡ್ಕೊಡ್ಲಾ? ನನ್ ಕೂಗಿಗೆ ನಂಬ್ಕೊಂಡ್ ಬತ್ತವೆ ಕಣೋ ಅವು" ಎಂದರು. ಹಿಡಿದುಕೊಡದಿದ್ದರೆ ಗಾಡಿ ಬರುತ್ತದೆ, ದೊಡ್ಡಬಳ್ಳಾಪುರದ ಆಚೆ ಗೊತ್ತಿಲ್ಲದ ಜಾಗದಲ್ಲಿ ಅವಕ್ಕೆ ಯಾರೂ ಮುದ್ದೆ ಹಾಕುವುದಿಲ್ಲ ಎಂದೆ. ಅದು ಬೆದರಿಕೆಯ ಹಾಗೇ ಕೇಳಿಸಿತು, ಬೆದರಿಕೆಯೂ ಆಗಿತ್ತು. ಅಜ್ಜಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅದಾದ ಮೇಲೆ ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ. ಮೆಟ್ಟಿಲು ಇಳಿಯುವಾಗಲೆಲ್ಲ ನಾನು ಅವರ ಬಾಗಿಲಿನ ಕಡೆ ನೋಡುತ್ತಿದ್ದೆ.

ಅಷ್ಟರಲ್ಲಿ ಮರಿಗಳು ಕಣ್ಣು ಬಿಟ್ಟು ಬೀದಿಗಿಳಿದವು. ಟ್ಯಾಂಕರಿನ ಹಿಂದಿನ ಚಕ್ರಕ್ಕೆ ಎರಡು ಒಟ್ಟಿಗೇ ಸಿಕ್ಕವು. ಉಳಿದವು, ಬಿಳಿ ನಾಯಿಯ ಮರಿಗಳೂ, ಏನೋ ಕಾಯಿಲೆಗೆ ಒಂದೊಂದಾಗಿ ಚರಂಡಿಯ ಪಕ್ಕ ಸತ್ತು ಬೀಳತೊಡಗಿದವು. ಅಜ್ಜಿ ಒಂದೊಂದನ್ನೂ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಹೊಂಗೆಮರದ ಬುಡದಲ್ಲಿ ಹೂಳುತ್ತಿದ್ದರು. ಯುಗಾದಿಯ ಹೊತ್ತಿಗೆ ಒಟ್ಟು ಸಂಖ್ಯೆ ಏರಲಿಕ್ಕಿಲ್ಲ ಎಂದು ನನಗೆ ಒಂದು ಕ್ಷಣ ಹಗುರವಾಯಿತು. ಆ ಹಗುರವೆನಿಸಿದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ನಾನು ಬರೆದ ದಶಾಂಶ ಆ ಸೀರೆಯ ತುಂಡುಗಳಲ್ಲಿತ್ತು.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಜ್ಜಿ ತಾವಾಗಿ ಕರೆದರು. "ಮೇಷ್ಟ್ರೇ, ಬರಕ್ಕೇಳು ನಿನ್ ಗಾಡಿಯವ್ರಿಗೆ" ಎಂದರು. ಅಷ್ಟೇ.

ಗಾಡಿ ತಿರುವಿನಲ್ಲಿ, ನಾಯಿಗಳಿಗೆ ಕಾಣದಂತೆ ನಿಂತಿತು. ಅಜ್ಜಿ ಎಂದಿನಂತೆ ತಟ್ಟೆ ಹಿಡಿದು ಗೇಟಿಗೆ ಬಂದರು. ಅಂದು ಮುದ್ದೆಯ ಜೊತೆ ಮೊಟ್ಟೆಯೂ ಇತ್ತು. "ಬರ್ರೋ, ಬರ್ರೇ" ಎಂದರು. ದನಿ ಒಡೆದಿತ್ತು, ಆದರೂ ಎಲ್ಲವೂ ಬಂದವು. "ಇದು ನಂದು. ಇದೂ ನಂದೇ" ಎಂದು ಬೆರಳು ತೋರಿಸುತ್ತ ಒಂದೊಂದನ್ನೇ ಕತ್ತು ಸವರಿ ಹಿಡಿದು ಕೊಟ್ಟರು. ಬಿಳಿ ನಾಯಿ ಸ್ವಲ್ಪ ಒದ್ದಾಡಿತು. ಕಳ್ಳಿಯನ್ನು ಕೊನೆಗೆ ಇಟ್ಟುಕೊಂಡಿದ್ದರು. ಅದು ತಿಂದು ಮುಗಿಸಿ ಅಭ್ಯಾಸದಂತೆ ಅವರ ಪಾದದ ಮೇಲೆ ಗದ್ದ ಇಟ್ಟಿತು. ಅಜ್ಜಿ ಕಾಲು ಕದಲಿಸಲಿಲ್ಲ. ಹಿಡಿಯುವ ಹುಡುಗರು ಹಿಂದಿನಿಂದ ಬಂದು ಹಗ್ಗ ಹಾಕಿದರು. ಕಳ್ಳಿ ಕೂಗಲೂ ಇಲ್ಲ, ಕಚ್ಚಲೂ ಇಲ್ಲ. ಗಾಡಿಯ ಬಾಗಿಲು ಹಾಕುವ ತನಕ ಅಜ್ಜಿಯ ಮುಖವನ್ನೇ ನೋಡುತ್ತಿತ್ತು. ನಾನು ಬೇರೆ ಕಡೆ ತಿರುಗಿದೆ.

ಕೆಲವು ದಿನಗಳ ಮೇಲೆ ಅವನ್ನು ತಂದು ಬೀದಿಯಲ್ಲೇ ಬಿಟ್ಟರು. ಎಡಗಿವಿಯಲ್ಲಿ ಅಜ್ಜಿಯ ಕಚ್ಚಿನ ಪಕ್ಕ ಇನ್ನೊಂದು ಹೊಸ ಕಚ್ಚು.

ಯುಗಾದಿಯ ಸಭೆಯಲ್ಲಿ ನಿವೃತ್ತ ಅಧಿಕಾರಿ ನನ್ನ ಹಳೆಯ ಬೋರ್ಡಿನ ಫೋಟೋವನ್ನು ಫೋನಿನಲ್ಲಿ ತೆರೆದಿಟ್ಟುಕೊಂಡೇ ಬಂದಿದ್ದರು. "ನಿಮ್ಮ ಪ್ರಕಾರ ಮರಿ ಆಗಬಾರದಿತ್ತಲ್ಲ ಸರ್?" ಎಂದರು.

"ಆಗಬಾರದಿತ್ತು, ಆದವು. ಲೆಕ್ಕ ತಪ್ಪಿತ್ತು. ಕಿವಿ ಕಚ್ಚಾದವಕ್ಕೆಲ್ಲ ಆಪರೇಷನ್ ಆಗಿರಲಿಲ್ಲ. ಈಗ ಆಗಿದೆ. ನಾಯಿಗಳ ಸಂಖ್ಯೆಯೂ ಏರಿಲ್ಲ" ಎಂದೆ. ಯಾಕೆ ಆಗಿರಲಿಲ್ಲ ಎಂದು ಅವರು ಕೇಳುವುದರೊಳಗೆ ಹಿಂದಿನಿಂದ ಅಜ್ಜಿಯ ದನಿ ಬಂತು. "ಕಿವಿ ಕುಯ್ದಿದ್ದು ನಾನೇ. ಮೊನ್ನೆ ಇಡ್ಕೊಟ್ಟಿದ್ದೂ ನಾನೇ. ಇನ್ನೇನ್ ಬೇಕು ನಿಮ್ಗೆ?" ಓನರ್ ನೆಲ ನೋಡಿದರು. ಅಧಿಕಾರಿ ಫೋನು ಜೇಬಿಗೆ ಹಾಕಿಕೊಂಡರು. "ಆಯ್ತಮ್ಮ, ಇನ್ನೊಂದು ವರ್ಷ ನೋಡೋಣ" ಎಂದರು. ಗಾಡಿಯ ಮಾತು ಅಲ್ಲಿಗೆ ನಿಂತಿತು.

ಮರುದಿನ ಬೆಳಿಗ್ಗೆ ಖುಷಿಯಲ್ಲೇ ಮೆಟ್ಟಿಲಿಳಿದೆ. ಅಜ್ಜಿ ಗೇಟಿನಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಬೇರೆ ನಾಯಿಗಳು ಅಂಜುತ್ತ ಅಂಜುತ್ತ ಬಂದು ತಿಂದು ಹೋದವು. ಕಳ್ಳಿ ಮಾತ್ರ ಎದುರು ಮನೆಯ ಕಾರಿನ ಪಕ್ಕ ನಿಂತಿತ್ತು. "ಕಳ್ಳೀ, ಬಾರೇ" ಎಂದು ಅಜ್ಜಿ ಕರೆದರು. ಅದು ನೋಡಿತು, ಬರಲಿಲ್ಲ. ಇನ್ನೊಂದು ಸಲ ಕರೆದಾಗ ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು.

"ಬಂದಾಗ್ಲಿಂದ ಇಂಗೇ" ಎಂದರು ಅಜ್ಜಿ. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದರು. "ಮೇಷ್ಟ್ರೇ, ನಿನ್ ಲೆಕ್ಕ ಸರಿ ಬಂತಾ?"

"ಬಂತಮ್ಮ."

"ಅಂಗಾದ್ರೆ ಸರಿ ಬುಡು. ಬೀದೀಲಾದ್ರೂ ಐತಲ್ಲ" ಎಂದು ತಟ್ಟೆಯನ್ನು ಗೇಟಿನ ಹೊರಗೆ ನೆಲದ ಮೇಲಿಟ್ಟು, ಒಳಗೆ ಬಂದು, ಕಾಂಪೌಂಡ್ ಗೋಡೆಯ ಹಿಂದೆ ನಾಯಿಗೆ ಕಾಣದ ಹಾಗೆ ಮೈ ಸರಿಸಿ ನಿಂತರು. ನಾನು ವಾಕಿಂಗಿಗೆ ಹೆಜ್ಜೆ ಎತ್ತಿದೆ. ಅಜ್ಜಿ ನನ್ನ ತೋಳು ಹಿಡಿದು ಗೋಡೆಯ ಹಿಂದಕ್ಕೆ ಎಳೆದರು. "ಅಲ್ಲಾಡಬ್ಯಾಡ ಕಣೋ. ಯಾರೂ ಇಲ್ಲ ಅಂದ್ಕೊಂಡ್ರೆ ಬಂದು ತಿಂತದೆ."

ಗೋಡೆಗೆ ಒರಗಿ ಇಬ್ಬರೂ ನಿಂತೆವು. ಬಹಳ ಹೊತ್ತಾಯಿತು. ಕೊನೆಗೆ ಗೇಟಿನ ಆಚೆ ಅಲ್ಯೂಮಿನಿಯಂ ತಟ್ಟೆ ನೆಲಕ್ಕೆ ತಗುಲಿ ಸಣ್ಣಗೆ ಸದ್ದು ಮಾಡಿತು. ಅಜ್ಜಿ ಕಣ್ಣು ಮುಚ್ಚಿಕೊಂಡರು. ನಾನೂ ಉಸಿರು ಹಿಡಿದು, ತಟ್ಟೆಯ ಸದ್ದು ನಿಲ್ಲುವ ತನಕ ಕಾಲು ಕದಲಿಸದೆ ನಿಂತೆ.